ಎಂಟು ಸಿಲಿಂಡರಿನ ದನಿ

ಕಳೆದ ವಾರ ಸಟನ್ ಕೋಲ್ಡ್‌ಫೀಲ್ಡಿನ ಸಿಗ್ನಲ್ಲಿನಲ್ಲಿ ನನ್ನ ಬಡಪಾಯಿ ಎಲೆಕ್ಟ್ರಿಕ್ ಕಾರಿನ ಪಕ್ಕಕ್ಕೆ ಕೆಂಪನೆಯ ಅಮೆರಿಕನ್ ಮಸಲ್ ಕಾರೊಂದು ಬಂದು ನಿಂತು ಗುರುಗುಟ್ಟಿತು. ನನ್ನ ಎದೆಯೊಳಗೆ ಏನೋ ಅದುರಿತು. ನಿಮಗೂ ಹೀಗಾಗುವುದುಂಟೇ? ನನಗಂತೂ ತಕ್ಷಣ ನೆನಪಾದದ್ದು ಡಾಕ್ಟರ್ ಮೂರ್ತಿ.

ಮೂರ್ತಿ ಆಗ ನಮ್ಮ ಪಕ್ಕದ ಬೀದಿಯಲ್ಲಿದ್ದ ಮೈಸೂರಿನ ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು. ಆ ಜಾತಿಯ ಕಾರು ಬಲಗಡೆಯ ಸ್ಟಿಯರಿಂಗ್ ಹೊತ್ತು ಇಂಗ್ಲಿಷರ ಈ ದೇಶಕ್ಕೆ ಬಂದ ಹೊಸತು, ಎರಡು ಸಾವಿರದ ಹದಿನಾರರ ಸುಮಾರು. ಆಯ್ಕೆ ಎರಡೇ: ನಾಲ್ಕು ಸಿಲಿಂಡರಿನ ಟರ್ಬೊ, ಇಲ್ಲವೇ ಎಂಟು ಸಿಲಿಂಡರಿನ, ಐದು ಲೀಟರಿನ ವಿ-ಎಂಟು. ಮೊದಲನೆಯದಕ್ಕೆ ಮುನ್ನೂರು ಚಿಲ್ಲರೆ ಕುದುರೆಗಳ ಬಲ, ಎರಡನೆಯದು ನಾನೂರು ದಾಟಿತ್ತು. ಅಮೆರಿಕದಲ್ಲಿ ನಡುವೆ ಒಂದು ವಿ-ಆರೂ ಇತ್ತು. ನಮಗೆ ಆ ಭಾಗ್ಯವಿರಲಿಲ್ಲ. ಭಾನುವಾರದ ಉಪ್ಪಿಟ್ಟಿನ ಜೊತೆ ಮೂರ್ತಿ ಇದನ್ನೇ ಪಾರಾಯಣ ಮಾಡುತ್ತಿದ್ದರು. ಇಂಜಿನಿಯರ್ ಎಂಬ ಒಂದೇ ಕಾರಣಕ್ಕೆ ನಾನು ತೀರ್ಪುಗಾರನಾಗಿದ್ದೆ; ನಾನು ಬರೆಯುವುದು ಬ್ಯಾಂಕಿನ ಸಾಫ್ಟ್‌ವೇರ್ ಎಂಬುದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಅವರ ಹೆಂಡತಿ ಸುಧಾ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, "ನಾಲ್ಕು ಸಿಲಿಂಡರೇ ಸಾಕು ಅಂತ ಹೇಳ್ಬಿಡಿ. ಇನ್ಶೂರೆನ್ಸೂ ಕಮ್ಮಿ. ನಾನ್ ಹೇಳಿದ್ದು ಯಾವ್ದನ್ನೂ ಅವ್ರು ಕಿವಿಗೇ ಹಾಕ್ಕೊಳಲ್ಲ, ಕೂಗಿ ಕೂಗಿ ಸಾಕಾಗಿದೆ," ಎಂದರು. ಅವರ ದನಿ ಮೊದಲೇ ತಾರಕ. ಗಂಡನಿಗೆ ತನ್ನ ಮಾತು ಬೇಡವಾಯಿತು ಎಂಬ ನೋವು ಅದರಲ್ಲಿ ಎದ್ದು ಕಾಣುತ್ತಿತ್ತು.

ಕಾರು ನೋಡಲು ನಾವು ಹೋದದ್ದು ಹೆಣ್ಣು ನೋಡಲು ಹೋದ ಹಾಗೆ: ರಾಹುಕಾಲ ಕಳೆದ ಮೇಲೆ, ಮೂವರೂ, ಡಬ್ಬಿಯಲ್ಲಿ ಕೋಡುಬಳೆ ಸಮೇತ. ಸೇಲ್ಸ್‌ಮನ್ನನಿಗೂ ಒಂದು ಕೊಟ್ಟೆವು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಆತ ಕೈಯಲ್ಲೇ ಹಿಡಿದುಕೊಂಡಿದ್ದ.

ನಾಲ್ಕು ಸಿಲಿಂಡರಿನದು ಬಾಣದ ಹಾಗೆ ಹೋಗಿಬಂತು. "ಚೆನ್ನಾಗಿದೆ," ಎಂದರು ಮೂರ್ತಿ, ಉಪ್ಪಿಲ್ಲದ ಸಾರು ಹೊಗಳಿದಂತೆ. ಆಮೇಲೆ ವಿ-ಎಂಟು. ಶೋರೂಮಿನ ಅಂಗಳದಲ್ಲೇ ಸ್ಟಾರ್ಟ್ ಬಟನ್ ಒತ್ತಿದವರು ಕಾರು ಮುಂದೆ ಬಿಡದೆ ಕಣ್ಣು ಮುಚ್ಚಿ ಕೂತುಬಿಟ್ಟರು. ಸುಧಾ ಮುಂದೆ ಅವರ ಪಕ್ಕದಲ್ಲಿದ್ದರು. ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಸೇಲ್ಸ್‌ಮನ್ನನ ಪಕ್ಕ ಮಡಿಸಿಕೊಂಡಿದ್ದ ನಾನು, ಸುಧಾಗೆ ಕೊಟ್ಟ ಮಾತಿನಂತೆ ಮೈಲೇಜಿನ ವಿಷಯ ತೆಗೆದೆ.

"ಸ್ವಲ್ಪ ಸುಮ್ನಿರಪ್ಪ," ಎಂದರು ಮೂರ್ತಿ. "ಸುಧಾ, ಇದು ನಂಗೆ ಪೂರ್ತಿ ಕೇಳಿಸ್ತಿದೆ. ಈಚೆಗೆ ತಾರಕದ ಸಣ್ಣ ದನಿ ಯಾವ್ದೂ ಕಿವಿಗೆ ಸರಿಯಾಗಿ ಬೀಳ್ತಿಲ್ಲ, ದಪ್ಪ ದನಿ ಮಾತ್ರ. ಹಕ್ಕಿ, ಫೋನು, ನೀನು. ಕಿವಿ ಟೆಸ್ಟ್ ಕೂಡ ಮಾಡಿಸ್ದೆ. ಹೇಳೋಕೆ ನಾಚಿಕೆ ಆಯ್ತು."

ಸುಧಾ ಗಂಡನ ಕಡೆ ತಿರುಗಿದರು. ಆಮೇಲೆ, ನಾನು ಎಂದೂ ಕೇಳಿರದ ತಗ್ಗಿದ, ದಪ್ಪ ದನಿಯಲ್ಲಿ, "ಇದು ಕೇಳಿಸ್ತಾ?" ಎಂದರು.

ಮೂರ್ತಿ ಕಣ್ಣು ತೆರೆದರು. "ಕೇಳಿಸ್ತು."

"ಹಾಗಾದ್ರೆ ಇದನ್ನೇ ತಗೊಳ್ಳಿ," ಎಂದರು ಸುಧಾ, ಅದೇ ದನಿಯಲ್ಲಿ. ನನ್ನ ತೀರ್ಪು ಯಾರಿಗೂ ಬೇಕಾಗಲಿಲ್ಲ. ಇಲ್ಲೇ ಹತ್ತಿರದ ಟಿವಿಡೇಲ್ ಬಾಲಾಜಿ ಗುಡಿಯ ಮುಂದೆ ಆ ಕಾರಿನ ಪೂಜೆಯಾದ ದಿನವೂ ಅವರಿಬ್ಬರು ಹಾಗೆಯೇ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಕಾರಿನ ಮೇಲಲ್ಲ.

ಕಳೆದ ವಾರ ಆ ಸಿಗ್ನಲ್ಲು ದಾಟಿ ಮನೆಗೆ ಬಂದಾಗ ನನ್ನ ಹೆಂಡತಿ ಮಹಡಿಯಿಂದ ಏನೋ ಕೂಗಿದಳು. ನನ್ನ ಕಿವಿ ಎರಡೂ ಚುರುಕಾಗಿಯೇ ಇವೆ. ಇಂಥ ಹೊತ್ತಿನಲ್ಲಿ ಕೇಳಿಸದವನಂತೆ ಟೀವಿ ಹಾಕುವುದು ನನ್ನ ಪದ್ಧತಿ. ಅಂದು ಮಾತ್ರ ಮೆಟ್ಟಿಲು ಹತ್ತಿ ಹೋಗಿ, ಎದುರಿಗೆ ನಿಂತು, "ಏನಂದೆ?" ಎಂದು ಕೇಳಿದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನಾಯ್ತು? ಕಾರ್ ಎಲ್ಲಾದ್ರೂ ಗುದ್ದಿದ್ರಾ?"