ಏಳು ಮನೆ ಸುತ್ತಿದ ಭಜ್ಜಿ

ಬೀದರಿನ ಆ ಓಣಿಯಲ್ಲಿ ಗಡಿಯಾರ ನೋಡಿ ಒಗ್ಗರಣೆ ಹಾಕುವವಳೆಂದರೆ ಕಂಡಕ್ಟರ್ ಮಲ್ಲೇಶ್ವರಿ ಒಬ್ಬಳೇ. ಬೆಳಗಿನ ಆರಕ್ಕೆ ಅವಳ ಬಸ್ಸು ಭಾಲ್ಕಿಗೆ ಹೊರಡಬೇಕು. ಅಲ್ಲಿಂದ ಮರಳಿ ಬೀದರ, ಮತ್ತೆ ಜನವಾಡದ ಮೇಲೆ ಔರಾದ. ಗಂಡ ದಿಲೀಪ ಮೆಹಕರದಲ್ಲಿ ಹೊಲ, ಕುರಿ ನೋಡಿಕೊಂಡು ವಾರಕ್ಕೊಮ್ಮೆ ಮುಖ ತೋರಿಸುವವನು. ಹೀಗಾಗಿ ರೊಟ್ಟಿ ಬಡಿಯುವಾಗಲೂ ಅವಳ ಮೈಮೇಲೆ ಖಾಕಿ, ಕೊರಳಲ್ಲಿ ಉಕ್ಕಿನ ಸೀಟಿ. ಹಾಲು ಉಕ್ಕಿದರೆ ಅವಳು ಓಡಿ ಬರುತ್ತಿರಲಿಲ್ಲ, ನಿಂತಲ್ಲಿಂದಲೇ ಸೀಟಿ ಊದುತ್ತಿದ್ದಳು. ಹಾಲೇನೂ ನಿಲ್ಲುತ್ತಿರಲಿಲ್ಲ ಅನ್ನಿ.

ಹತ್ತು ವರ್ಷದ ಮಗಳು ಕರುಣಾ ಮಾತ್ರ ತಾಯಿಯ ಅಡುಗೆಗೆ ಬಾಯಿಡುತ್ತಿರಲಿಲ್ಲ. ಶಾಲೆ ಬಿಟ್ಟರೆ ಸ್ವಂತ ಮನೆಯ ಬಾಗಿಲನ್ನು ಪರರದ್ದೆಂಬಂತೆ ದಾಟಿ ಹೋಗುತ್ತಿದ್ದಳು. ಒಂದು ದಿನ ಪಕ್ಕದ ಶಾಲುಬಾಯಿಯ ಮನೆಯಲ್ಲಿ ಊಟ, ಒಂದು ದಿನ ಹೆಂಡತಿ ಸತ್ತ ಮೇಲೆ ತಾನೇ ಬೇಯಿಸಿಕೊಳ್ಳುವ ಧೊಂಡಿಬಾ ಕಾಕಾನ ಮನೆಯಲ್ಲಿ, ಉಳಿದ ದಿನವೆಲ್ಲ ಓಣಿಯ ತುದಿಯ ಗುಲಶನಳ ಮನೆಯಲ್ಲಿ. ಓಣಿಯ ಮಕ್ಕಳಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕವ್ವ. ಮಲ್ಲೇಶ್ವರಿ ಬೆಳಿಗ್ಗೆ ಮುಚ್ಚಿಟ್ಟ ಪಲ್ಯ ಸಂಜೆಗೂ ಹಾಗೇ ಇರುತ್ತಿತ್ತು. ತುಂಬಿದ ಬಸ್ಸಿನ ಎಪ್ಪತ್ತು ಮಂದಿಯನ್ನು ಒಂದೇ ಮಾತಿಗೆ ಒಳಗೆ ಸರಿಸುವ ಹೆಂಗಸಿಗೆ ಒಂದು ಚೋಟುದ್ದ ಹುಡುಗಿಯನ್ನು ತನ್ನ ಒಲೆಯ ಮುಂದೆ ಕೂರಿಸಲಾಗಲಿಲ್ಲ. ಆ ಬಾಯಿಂದ ಒಂದೇ ಒಂದು ಸಲ ‘ಚಲೋ ಆಗ್ಯಾದ’ ಅನ್ನಿಸಿಕೊಂಡರೆ ಸಾಕು ಅಂತ ಅವಳ ಜೀವ ಹಂಬಲಿಸುತ್ತಿತ್ತು.

“ನನ್ನ ಕೈಯಾಗ ಏನ್ ಕಡಿಮಿ ಅದ ಹೇಳವಾ?” ಅಂತ ಒಮ್ಮೆ ಕೇಳಿದಳು.

“ನಿನ್ನ ಪಲ್ಯಾ ತಿಂದ್ರ ಬಸ್ಸಿನ ವಾಸನಿ ಬರ್ತದ,” ಅಂದಳು ಮಗಳು. “ಗುಲಶನ ಖಾಲಾ ನೋಡು, ಹ್ಯಾಂಗ ಮಾಡ್ತಾಳ. ಇನ್ನ ಮ್ಯಾಲ ನಾ ರಾತ್ರಿ ಊಟಾನೂ ಅಲ್ಲೇ ಮಾಡ್ತೇನಿ.”

ಎಳ್ಳ ಅಮಾವಾಸ್ಯೆ ಬಂತು. ಆ ಹಬ್ಬಕ್ಕೆ ಬೀದರ ಸೀಮೆಯಲ್ಲಿ ಭಜ್ಜಿ ಆಗದ ಮನೆಯಿಲ್ಲ. ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯದ ಸೊಪ್ಪು ಎಲ್ಲವನ್ನೂ ಹುಣಸೆ ಹುಳಿಯಲ್ಲಿ ಕುದಿಸಿ, ಕಡಲೆಹಿಟ್ಟು ಕಲಸಿ ಗಟ್ಟಿ ಮಾಡಿದ್ದು. ಈ ಸಲ ಮಗಳನ್ನು ಗೆಲ್ಲಲೇಬೇಕೆಂದು ಮಲ್ಲೇಶ್ವರಿ ಹಂಡೆಯಂಥ ಪಾತ್ರೆಗೆ ಬಾಗಿ ಬಾಗಿ ತಿರುವಿದಳು. ತಿರುವಿ, ಡಬ್ಬಿಗೆ ತುಂಬಿ, ಶಾಲುಬಾಯಿಗೆ ಕೊಟ್ಟು ಬಸ್ಸಿಗೆ ಓಡಿದಳು. ಎರಡು ಸಲ ಸೀಟಿ ಊದಿ ರೈಟ್ ಕೊಡಲು ಕೊರಳಿಗೆ ಕೈ ಹಾಕಿದರೆ ಬರೀ ದಾರ. ಸೀಟಿ ಇಲ್ಲ!

ಇಂದು ಸಿಕ್ಕೀತು, ನಾಳೆ ಸಿಕ್ಕೀತು ಎಂದು ಮೂರು ದಿನ ಬಾಯಿಂದಲೇ ‘ರೈಟ್, ರೈಟ್’ ಅಂದಳು, ಬಸ್ಸಿನ ತಗಡು ಬಡಿದಳು. ಗಂಟಲು ಕೂತಿತು.

“ಅಕ್ಕಾ, ಒದರಬ್ಯಾಡ್ರಿ,” ಅಂದ ಡ್ರೈವರ್ ಲಾಲ ಅಹ್ಮದ. “ನಿಮ್ಮ ದನಿ ಕೇಳಿ ಮಂದಿ ಹಿಂದಿನ ಟೈರ್ ಪಂಕ್ಚರ್ ಆತಂತ ಇಳಿಲಾಕ ಹತ್ಯಾರ.”

ಮಗಳಂತೂ ಭಜ್ಜಿಯ ಪಾತ್ರೆಯತ್ತ ಕಣ್ಣೂ ಹಾಯಿಸಲಿಲ್ಲ.

ಈಗ ಓಣಿಯ ಒಂದು ರಿವಾಜು ಹೇಳಬೇಕು. ಯಾರದೇ ಡಬ್ಬಿ ಬಂದರೂ ಖಾಲಿ ಮರಳಿಸುವಂತಿಲ್ಲ. ಖಾಲಿ ಡಬ್ಬಿ ಹೋದರೆ ಅದರ ಹಿಂದೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಅಂತ. ಬೇರೆ ದಿನಗಳಲ್ಲಿ ಇದು ಚೆಂದವೇ. ಆದರೆ ಅಮಾವಾಸ್ಯೆ ಮುಗಿದ ಮೇಲೆ ಮನೆಮನೆಯಲ್ಲೂ ಮೊಳಕಾಲುದ್ದ ಭಜ್ಜಿ. ಭಜ್ಜಿಯ ಡಬ್ಬಿಗೆ ಭಜ್ಜಿಯೇ ಉತ್ತರ. ನಾಲ್ಕು ದಿನ ಆ ಓಣಿಯಲ್ಲಿ ಮನುಷ್ಯರಿಗಿಂತ ಡಬ್ಬಿಗಳೇ ಹೆಚ್ಚು ಓಡಾಡುತ್ತವೆ. ಎದುರಾದವರೆಲ್ಲ “ನಿಮ್ಮ ಭಜ್ಜಿ ಬಾಳ ರುಚಿ ಆಗಿತ್ತ್ರಿ” ಅನ್ನುತ್ತಾರೆ.

ಮೂರನೆಯ ದಿನ ಸಂಜೆ ಮಲ್ಲೇಶ್ವರಿ ಮಗಳನ್ನು ಕರೆಯಲು ಗುಲಶನಳ ಮನೆಗೆ ಹೋದಳು. ಕರುಣಾ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎರಡು ರೊಟ್ಟಿ ಆಗಿ ಮೂರನೆಯದು ನಡೆದಿತ್ತು.

“ಖಾಲಾ, ಇದಕ್ಕ ಭಜ್ಜಿ ಅಂತಾರ! ನಮ್ಮವ್ವಗೊಂದಿಷ್ಟು ಕಲಿಸ್ರಿ.”

“ಖಾಲಾನ ಕೈ ಅಂದ್ರ ಹಂಗೇ ಬೇಟಿ,” ಅಂದಳು ಗುಲಶನ, ಸೆರಗು ಸರಿಮಾಡಿಕೊಳ್ಳುತ್ತ.

ಹೊಸ್ತಿಲಲ್ಲಿ ನಿಂತ ಮಲ್ಲೇಶ್ವರಿಯ ಎದೆ ಒಲೆಯ ಬೂದಿಯಂತಾಯಿತು. ಅಷ್ಟರಲ್ಲಿ ಕರುಣಾಳ ಹಲ್ಲಿನಡಿ ಏನೋ ಕಟಕ್ ಅಂದಿತು. ಬಾಯಿಂದ ತೆಗೆದು, ಲಂಗಕ್ಕೆ ಒರೆಸಿ, ತಿರುಗಿಸಿ ನೋಡಿದಳು. ಮತ್ತೆ ಬಾಯಿಗಿಟ್ಟು ಊದಿದಳು. ಒಂದು ತೊಗರಿಕಾಳು ಗೋಡೆಗೆ ಚಿಮ್ಮಿತು. ಅದರ ಹಿಂದೆಯೇ ಓಣಿಯೆಲ್ಲ ಗುರುತು ಹಿಡಿಯುವ ಆ ಸೀಟಿ ಕೂಗಿತು!

“ಏ, ಅದು ನಂದು!” ಮಲ್ಲೇಶ್ವರಿಯ ಕೂತ ಗಂಟಲು ಎದ್ದು ನಿಂತಿತು. “ಗುಲಶನಕ್ಕಾ, ನಿಮ್ಮ ಕೈಯಾಗಿನ ಭಜ್ಜಿಯೊಳಗ ನನ್ನ ಸೀಟಿ ಹ್ಯಾಂಗ ಬಂತ್ರಿ?”

ಸೀಟಿ ಕೇಳಿ ಮಂದಿ ಕೂಡಿತು. ಗುಲಶನಳ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. “ನನಗ ಎದುರಿನ ಮನಿಯಿಂದ ಬಂದಿತ್ತವ್ವಾ.” ಎದುರಿನವರಿಗೆ ಹಿಂದಿನವರಿಂದ, ಅವರಿಗೆ ಮೂಲೆಯ ಮನೆಯಿಂದ, ಮೂಲೆಯವರಿಗೆ ಗುಡಿಯ ಪಕ್ಕದವರಿಂದ, ಅವರಿಗೆ ಧೊಂಡಿಬಾನಿಂದ. ಧೊಂಡಿಬಾ ಶಾಲುಬಾಯಿಯತ್ತ ಬೆರಳು ಮಾಡಿದ. ಗಟ್ಟಿಯಾದ ಭಜ್ಜಿ, ಡಬ್ಬಿ ಬೋರಲು ಹಾಕಿದರೆ ಇಟ್ಟಿಗೆಯಂತೆ ಇಡಿಯಾಗಿ ಬೀಳುತ್ತಿತ್ತು. ಮೂರು ದಿನ, ಏಳು ಮನೆ, ಒಬ್ಬರೂ ಸೌಟು ಹಾಕಿರಲಿಲ್ಲ.

“ಕಾಕಾ, ನಿನ್ನಿ ನನ್ನ ಕೈ ಹಿಡಿದು ‘ಅಮೃತ ಅದ’ ಅಂದ್ರೆಲ್ಲ, ಬಾಯಾಗೂ ಇಡಲಾರದ?” ಅಂದಳು ಶಾಲುಬಾಯಿ.

“ವಾಸನಿ ಅಮೃತ ಇತ್ತು,” ಅಂದ ಧೊಂಡಿಬಾ.

ಮಲ್ಲೇಶ್ವರಿ ನಗಲು ಬಾಯಿ ತೆರೆದಳು. ಶಾಲುಬಾಯಿ ಗಕ್ಕನೆ ಅವಳತ್ತ ತಿರುಗಿದಳು. “ನೀ ನಗಬ್ಯಾಡ. ನಾ ಕೊಟ್ಟದ್ದು ನೀ ತಿಂದಿಯೇನ?”

ತೆರೆದ ಬಾಯಿ ಮುಚ್ಚಿತು. ಅದನ್ನು ಅವಳು ಲಾಲ ಅಹ್ಮದನಿಗೆ ಕೊಟ್ಟಿದ್ದಳು. ಅವನು ಔರಾದದಲ್ಲಿ ಯಾರ ಕೈಗೋ ದಾಟಿಸಿದ್ದ. ಅದು ಇಷ್ಟರಲ್ಲಿ ಮಹಾರಾಷ್ಟ್ರ ಮುಟ್ಟಿರಬೇಕು.

ಆದರೂ ಅವಳಿಗೆ ಬೇಕಾದದ್ದು ಬೇರೆ. ಮಗಳ ಮುಂದೆ ಮಂಡಿಯೂರಿ ಕೂತಳು. “ಈಗ ಹೇಳವಾ. ಈ ಭಜ್ಜಿ ಯಾರು ಮಾಡಿದ್ದು? ಹ್ಯಾಂಗ ಆಗ್ಯಾದ?”

ಕರುಣಾ ತಟ್ಟೆ ನೋಡಿದಳು, ತಾಯಿಯನ್ನು ನೋಡಿದಳು. ಸೋಲೊಪ್ಪುವ ಪೈಕಿಯಲ್ಲ ಅವಳು.

“ಚಲೋ ಆಗ್ಯಾದ,” ಅಂದಳು. “ಆದ್ರ ಏಳು ಮನಿ ತಿರುಗಿದ್ದಕ್ಕ ಆಗ್ಯಾದ. ನೀನೂ ಹಂಗೇ ಇದ್ದಿ, ದಿನಾ ಊರೆಲ್ಲ ತಿರುಗಿ ಬಂದ ಮ್ಯಾಲೇನೇ ಚಲೋ ಮಾತಾಡ್ತಿ.”

ಮಲ್ಲೇಶ್ವರಿ ಮುಂದಿನದನ್ನು ಕೇಳಿಸಿಕೊಂಡಳೋ ಇಲ್ಲವೋ. ಮೊದಲಿನೆರಡು ಶಬ್ದಕ್ಕೇ ಅವಳ ಕಣ್ಣು ತುಂಬಿದ್ದವು. ತಟ್ಟೆಯಲ್ಲಿ ಉಳಿದದ್ದನ್ನು ತಾನೇ ಬೆರಳಿಂದ ಬಳಿದು ತಿಂದಳು. ಖರೆ ಹೇಳಬೇಕೆಂದರೆ ಉಪ್ಪು ಒಂದಿಷ್ಟು ಮುಂದಾಗಿತ್ತು.

ಅಂದಿನಿಂದ ಅವಳು ಹಟ ಬಿಟ್ಟು ಉಪಾಯ ಹಿಡಿದಳು. ದಿನಾ ಬೆಳಿಗ್ಗೆ ಮಗಳ ಪಲ್ಯ ಡಬ್ಬಿಗೆ ಹಾಕಿ ಶಾಲುಬಾಯಿಯ ಕೈಗೆ ಕೊಡುತ್ತಾಳೆ. ಡಬ್ಬಿ ಮನೆಯಿಂದ ಮನೆಗೆ ದಾಟಿ, ಏಳನೆಯ ಮನೆಯಲ್ಲಿ ಮಧ್ಯಾಹ್ನ ಕರುಣಾಳ ತಟ್ಟೆಗೆ ಬೀಳುತ್ತದೆ. ದಾರಿಯಲ್ಲಿ ಯಾರೂ ಮುಚ್ಚಳ ತೆಗೆಯುವಂತಿಲ್ಲ. ಧೊಂಡಿಬಾ ಒಬ್ಬ ಮಾತ್ರ ಮೂಸಿ ನೋಡಬಹುದು.

ಡಬ್ಬಿ ಹೊಸ್ತಿಲು ದಾಟುವಾಗ ಮಲ್ಲೇಶ್ವರಿ ಎರಡು ಸಲ ಸೀಟಿ ಊದುತ್ತಾಳೆ.