ತಂಬಿಗೆ ಖಾಲಿಯಾಗುವ ತನಕ

ಮಸಗುಪ್ಪಿಯಲ್ಲಿ ಬಟ್ಟೆ ಹೊಲಿಯುವ ಚಾಂದಬಿ ಚಾಚಿ, ನಾನು ರವಿಕೆಯ ಮಾತೆತ್ತುವ ಮೊದಲೇ ಬೆಲ್ಲದ ಚೂರು, ತಂಬಿಗೆ ನೀರು ತಂದು ಮುಂದೆ ಹಿಡಿದರು. ಎರಡು ಗುಟುಕು ಕುಡಿದು ವಾಪಸ್ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ.

“ಪೂರಾ ಕುಡೀರಿ ಅಕ್ಕಾರ, ಬಿಸಲಾಗ ಬಂದೀರಿ. ಜಂಪರಿನ ಮಾತು ಆಮ್ಯಾಗ,” ಎಂದು ಅಲ್ಲೇ ನಿಂತರು.

ತಂಬಿಗೆಯನ್ನು ಮತ್ತೆ ಬಾಯಿಗೆತ್ತಿದೆ. ಅವ್ವನೂ ಹೀಗೇ ನಿಲ್ಲುತ್ತಿದ್ದಳು. ಅರಭಾವಿಯಲ್ಲಿ ಕೆಲಸ ಮುಗಿಸಿ ಗೋಕಾಕದ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಕೈಗೆ ತಂಬಿಗೆ. ಅದು ಖಾಲಿಯಾಗುವ ತನಕ ಬಾಗಿಲು ಬಿಟ್ಟು ಸರಿಯುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ ನನಗೆ ನೀರು ಕುಡಿಯುವುದೇ ಮರೆತುಹೋಗಿತ್ತು. ಉರಿಮೂತ್ರ ಶುರುವಾಗಿ ಡಾಕ್ಟರು ಬೈದಾಗ ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟೆ. ಅದರ ಬಾಯಿ ಮುಚ್ಚಿಸುವುದು ಎಷ್ಟು ಸುಲಭ! ಅವ್ವನ ಮುಂದೆ ಅದು ನಡೆಯುತ್ತಿರಲಿಲ್ಲ.

ಚಾಂದಬಿ ಚಾಚಿಯ ಮನೆಗೆ ಹೋಗಿ ಬಂದಾಗಿನಿಂದ, ಬೆಳಿಗ್ಗೆ ಹೊರಡುವಾಗಲೇ ತಂಬಿಗೆ ತುಂಬಿ, ಮುಚ್ಚಿ, ಬಾಗಿಲ ಒಳಬದಿಗೆ ಇಟ್ಟು ಹೋಗುತ್ತೇನೆ. ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲು ಪೂರ್ತಿ ಕುಡಿಯುತ್ತೇನೆ. ಕುಡಿದಾದ ಮೇಲೆ ಖಾಲಿ ತಂಬಿಗೆಯನ್ನು ಮುಂದೆ ಹಿಡಿದು ಒಂದು ಕ್ಷಣ ಹಾಗೇ ನಿಂತಿರುತ್ತೇನೆ.