ಸೋಬಾನೆಯ ಹೊತ್ತು ನುಂಗಿದ ಸನ್ಮಾನ

ಜಾನಪದ ಗೀತೋತ್ಸವ ನಾಲ್ಕು ಗಂಟೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ಮೂರೂವರೆಗೇ ನಾವು ಪಾಯಾ ಲೆಬಾರ್‌ನ ಸಭಾಂಗಣದಲ್ಲಿ ಕುಳಿತಿದ್ದೆವು: ನಾನು, ನನ್ನ ಹೆಂಡತಿ, ಮತ್ತು ತನ್ನ ಮಗಳ ಬಾಣಂತನಕ್ಕೆಂದು ಚಾಮರಾಜನಗರದ ಕಡೆಯಿಂದ ನಮ್ಮ ಬ್ಲಾಕಿಗೆ ಬಂದಿದ್ದ ಹೆಂಗಸು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಕಾಕಿ ಬುಕಿತ್‌ನ ಕಾರ್ಖಾನೆಗೂ ಒಂದು ದಿನವೂ ತಡವಾಗಿ ಹೋದವನಲ್ಲ.

ಹೆಂಗಸರಿಬ್ಬರೂ ಸೋಬಾನೆ ಹಾಡಬೇಕಿತ್ತು. ಮದುವೆಯ ಹೆಣ್ಣನ್ನು ಹಸೆಗೆ ಕರೆಯುವ ಪದ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವವರಿಲ್ಲದೆ ನನ್ನ ಹೆಂಡತಿ ಈ ಪರದೇಶದ ಊರಿನಲ್ಲಿ ಹದಿನೆಂಟು ವರ್ಷ ತನ್ನ ತಾಯಿಯ ಹಾಡನ್ನು ಹಾಡಿರಲಿಲ್ಲ. ಈಗ ಜೊತೆ ಸಿಕ್ಕಿತ್ತು, ಆದರೆ ಮಂಗಳವಾರ ಆಕೆ ಊರಿಗೆ ಹೊರಡುವವಳು. ತಿಂಗಳಿಡೀ ಬ್ಲಾಕಿನ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್‌ನಲ್ಲಿ ಕೂತು ಅಭ್ಯಾಸ ಮಾಡಿದ್ದರು. ಗಡಿಯಾರ ಹಿಡಿದವನು ನಾನೇ. ಹನ್ನೊಂದು ನಿಮಿಷ.

ದೀಪ ಹಚ್ಚುವಾಗಲೇ ಐದಾಗಿತ್ತು. ಮಕ್ಕಳ ಕೋಲಾಟ ಮುಗಿಯಿತು. ಆಮೇಲೆ ಹಿರಿಯರ ಸನ್ಮಾನವಂತೆ! ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಯಾರೂ ಮೊದಲೇ ಹೇಳಿರಲಿಲ್ಲ. ಕರೆದಾಗ ಹೋಗದಿದ್ದರೆ ಮರ್ಯಾದೆಯಲ್ಲ ಎಂದು ಹೋದೆ. ಅದೇ ನನ್ನ ತಪ್ಪು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಬ್ಬೊಬ್ಬರಿಗೂ ಒಂದೊಂದು ಬಿನ್ನವತ್ತಳೆ, ಎರಡೆರಡು ಸಲ ಫೋಟೋ. ಹೀಗೆ ಆರು ಜನರಿಗೆ. ಸಭಾಂಗಣವನ್ನು ಆರೂವರೆಗೆ ಬಿಟ್ಟುಕೊಡಬೇಕು.

"ಅಂಕಲ್, ಎರಡು ಮಾತಾಡಿ," ಎಂದು ಕಾರ್ಯದರ್ಶಿ ಮೈಕು ಕೊಟ್ಟ.

"ನನ್ನ ಮಾತು ಬೇಡ. ಆ ಹೊತ್ತನ್ನು ಸೋಬಾನೆಗೆ ಕೊಡಿ," ಎಂದೆ.

ಸಭೆ ಚಪ್ಪಾಳೆ ತಟ್ಟಿತು. "ಸೋ ಸ್ವೀಟ್! ಆಂಟಿ ಮೇಲೆ ಅಂಕಲ್‌ಗೆ ಎಷ್ಟು ಪ್ರೀತಿ ನೋಡಿ!" ಎಂದು ನಕ್ಕು ಆತ ಮುಂದಿನ ಹಿರಿಯರನ್ನು ಕರೆದ.

ಆರೂ ಇಪ್ಪತ್ತೈದಕ್ಕೆ ನನ್ನ ಹೆಂಡತಿಯ ಬಳಿ ಓಡಿ ಬಂದ. "ಸಾರಿ ಆಂಟಿ, ಟೈಮ್ ಓವರ್ ಆಗ್ತಿದೆ. ಎರಡೇ ನಿಮಿಷದಲ್ಲಿ ಫಿನಿಶ್ ಮಾಡ್ಬಿಡಿ, ಪ್ಲೀಸ್."

"ಎರಡು ನಿಮಿಷಕ್ಕೆ ಹೆಣ್ಣು ಇನ್ನೂ ಕೋಣೆಯೊಳಗೇ ಇರ್ತಾಳೆ ಕಣಪ್ಪ. ಅಲ್ಲೇ ಬಿಟ್ಟು ಬರ್ಲಾ?"

"ಮಧ್ಯ ಸ್ವಲ್ಪ ಕಟ್ ಮಾಡ್ಬಹುದಲ್ವಾ?"

"ಕಟ್ ಮಾಡೋದಾದ್ರೆ ಆ ಪ್ಯಾಟ ಸುತ್ತೋದ್ನ ಮಾಡ್ಬೇಕಾಗಿತ್ತು ಕನಪ್ಪ," ಎಂದಳು ಜೊತೆಗಾತಿ.

ಅಷ್ಟರಲ್ಲಿ ಸಭಾಂಗಣದವರು ದೀಪ ಆರಿಸತೊಡಗಿದರು. ಜಾನಪದಕ್ಕೆಂದು ಸೇರಿದ ಸಭೆ, ಜಾನಪದವನ್ನು ಬಾಯಲ್ಲೇ ಉಳಿಸಿಕೊಂಡಿದ್ದ ಇಬ್ಬರನ್ನು ಹಾಡಿಸದೆ ಊಟಕ್ಕೆ ಎದ್ದಿತು. ಅವರ ಹೊತ್ತು ನನ್ನ ತಲೆಗೆ ಪೇಟವಾಗಿ ಸುತ್ತಿಕೊಂಡಿತ್ತು.

ಗುರುವಾರ ಕಾರ್ಯದರ್ಶಿಯ ಫೋನ್ ಬಂತು. "ಆಂಟಿ, ಮನೇಲೇ ರೆಕಾರ್ಡ್ ಮಾಡಿ ಕಳ್ಸಿ, ನಮ್ಮ ಗ್ರೂಪಲ್ಲಿ ಹಾಕ್ತೀವಿ."

"ಎತ್ಕೊಳ್ಳೋಳು ಊರಿಗೆ ಹೋದಳಲ್ಲಪ್ಪ. ನಾನೊಬ್ಬಳು ಹೇಳಿದ್ರೆ ಆ ಕಡೆಯಿಂದ ಯಾರು ಹೇಳ್ತಾರೆ?"

"ಎರಡೂ ವಾಯ್ಸ್ ನೀವೇ ಕೊಡಿ ಆಂಟಿ, ನಾವು ಎಡಿಟ್ ಮಾಡ್ತೀವಿ."

ಅವಳು ಫೋನನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದಳು. ಆ ಪೇಟ ನನಗೆ ಬೇಕಿರಲಿಲ್ಲ, ಅವರಿಬ್ಬರ ಹನ್ನೊಂದು ನಿಮಿಷ ಬೇಕಿತ್ತು ಎಂಬುದರಿಂದ ಹಿಡಿದು, ವೇದಿಕೆಯ ಮೇಲೆ ಹೇಳದೆ ನುಂಗಿಕೊಂಡದ್ದನ್ನೆಲ್ಲ ಆಗ ಅವನಿಗೆ ಹೇಳಿದೆ.